ಲೂಪಿಗೆ ವಾರ್, ಲೆಟ್, ಕಾನ್ಸ್ಟ್: ಸುತ್ತಿಗೊಂದೋ, ಎಲ್ಲಕ್ಕೂ ಒಂದೋ?

ಜಾವಾಸ್ಕ್ರಿಪ್ಟ್ ಲೂಪಿನ ತಲೆಯಲ್ಲಿ ವೇರಿಯಬಲ್ ಘೋಷಿಸಲು ವಾರ್, ಲೆಟ್, ಕಾನ್ಸ್ಟ್ ಪೈಕಿ ಯಾವ ಕೀವರ್ಡ್ ಹಾಕಬೇಕು ಅನ್ನುವುದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ವೇರಿಯಬಲ್ ಸುತ್ತಿಗೊಂದು ಹುಟ್ಟುತ್ತದೋ, ಎಲ್ಲ ಸುತ್ತಿಗೂ ಸೇರಿ ಒಂದೇನೋ?

ವಾರ್ ಹಾಕಿದರೆ ಒಂದೇ, ಅದೂ ಇಡೀ ಫಂಕ್ಷನ್ನಿಗೆ ಸೇರಿದ್ದು. 'ಐ' 0ಯಿಂದ 4ರ ತನಕ ಓಡುವ ಫಾರ್ ಲೂಪ್ ಬರೆದು, ಒಳಗೆ ಸೆಟ್‌ಟೈಮ್‌ಔಟ್ (ಕೊಟ್ಟ ಫಂಕ್ಷನ್ನನ್ನು ಆಮೇಲೆ ಓಡಿಸುವ ಟೈಮರ್) ಹಾಕಿ 'ಐ' ಪ್ರಿಂಟ್ ಮಾಡಿಸಿ ನೋಡಿ. 0, 1, 2, 3, 4 ಬರುವುದಿಲ್ಲ, ಐದು ಸಲವೂ 5 ಬರುತ್ತದೆ. ಟೈಮರಿಗೆ 0 ಕೊಟ್ಟರೂ ಅಷ್ಟೇ. ಲೂಪ್ ಪೂರ್ತಿ ಮುಗಿಯದೆ ಹೀಗೆ ಆಮೇಲೆ ಓಡಲೆಂದು ಕೊಟ್ಟ ಫಂಕ್ಷನ್‌ಗಳ, ಅಂದರೆ ಕಾಲ್‌ಬ್ಯಾಕ್‌ಗಳ ಸರದಿ ಬರುವುದಿಲ್ಲ; ಅಷ್ಟರಲ್ಲಿ 'ಐ' 5 ಆಗಿ ಕೂತಿರುತ್ತದೆ. ಹತ್ತು ಬಟನ್‌ಗೆ ಹೀಗೇ ಕ್ಲಿಕ್ ಕಟ್ಟಿದ್ದರೆ, ಯಾವುದನ್ನು ಒತ್ತಿದರೂ ಹತ್ತು ಬೆಲೆಗಳ ಅರೇಯಲ್ಲಿ (ಪಟ್ಟಿ; ಅದರ ಇಂಡೆಕ್ಸ್ 0ಯಿಂದ 9ರ ತನಕ) ಇಲ್ಲದ 10ನೇ ಇಂಡೆಕ್ಸಿಗೆ ಹೋಗಿ ಅನ್‌ಡಿಫೈನ್ಡ್ ಸಿಗುತ್ತದೆ.

ಜಾವಾಸ್ಕ್ರಿಪ್ಟಿನ 2015ರ ಆವೃತ್ತಿ ಇಎಸ್6ನಲ್ಲಿ ಬಂದ ಲೆಟ್ ಪ್ರತಿ ಸುತ್ತಿಗೂ ಹೊಸ 'ಐ' ಮಾಡಿ, ಹಿಂದಿನ ಬೆಲೆಯನ್ನು ನಕಲಿಸಿಕೊಂಡು, ಆಮೇಲೆ ಒಂದು ಏರಿಸುತ್ತದೆ. ಹಾಗಾಗಿ ಪ್ರತಿ ಕಾಲ್‌ಬ್ಯಾಕ್‌ಗೂ ತನ್ನದೇ ಸುತ್ತಿನ ಬೆಲೆ ದಕ್ಕುತ್ತದೆ.

ಒಮ್ಮೆ ಬೆಲೆ ಕೊಟ್ಟ ಮೇಲೆ ಮತ್ತೆ ಬೇರೆ ಬೆಲೆ ಹಾಕಲು ಬಿಡದ ಕಾನ್ಸ್ಟ್ ಕತೆ ಸ್ವಲ್ಪ ಮೋಸದ್ದು. ಪಟ್ಟಿಯ ಬೆಲೆಗಳನ್ನು ಒಂದೊಂದಾಗಿ ಕೊಡುವ ಫಾರ್-ಆಫ್‌ನಲ್ಲಿ ಅದೇ ಸರಿ: ಅಲ್ಲಿ ಏರಿಸುವ ಕೆಲಸವಿಲ್ಲ, ಸುತ್ತಿಗೊಂದು ಹೊಸ ವೇರಿಯಬಲ್. ಎಣಿಸುವ ಫಾರ್‌ನಲ್ಲಿ ಹಾಕಿದರೆ ಟೈಪ್‌ಎರರ್. ಆದರೆ ಎರರ್ ಬರುವುದು ಶುರುವಿನಲ್ಲಲ್ಲ, ಮೊದಲ ಸುತ್ತು ಮುಗಿದು 'ಐ' ಏರಿಸುವಾಗ. ಲೂಪಿನ ಒಳಗೆ ಡೇಟಾಬೇಸಿಗೆ ಬರೆಯುತ್ತಿದ್ದರೆ ಮೊದಲ ದಾಖಲೆಯ ಕೆಲಸ ಆಗಲೇ ಹೊರಟಿರುತ್ತದೆ. ಖಾಲಿ ಅರೇ ಕೊಟ್ಟು ಟೆಸ್ಟ್ ಮಾಡಿದರಂತೂ ಎರರ್ರೇ ಇಲ್ಲ, ಟೆಸ್ಟ್ ಪಾಸ್!

ಹಳೇ ಕೋಡಿನಲ್ಲಿ ವಾರ್ ತೆಗೆದು ಲೆಟ್ ಹಾಕುವಾಗ ಲೂಪಿನ ಕೆಳಗಿನ ಸಾಲುಗಳನ್ನೂ ಓದಿ. ಲೆಟ್‌ನ 'ಐ' ಲೂಪಿನ ಹೊರಗೆ ಇರುವುದಿಲ್ಲ; ಅಲ್ಲಿ 'ಐ' ಬಳಸಿದ್ದರೆ ರೆಫರೆನ್ಸ್‌ಎರರ್ ಬರುತ್ತದೆ. ಅದನ್ನು ಸರಿಪಡಿಸಲು 'ಲೆಟ್ ಐ' ಅನ್ನು ಲೂಪಿನ ಮೇಲಕ್ಕೆ ಎತ್ತಿಟ್ಟಿರೋ, ಮತ್ತೆ ಎಲ್ಲ ಸುತ್ತಿಗೂ ಒಂದೇ 'ಐ', ಐದು ಸಲ 5. ಲೆಟ್ಟನ್ನು ತಲೆಯಲ್ಲೇ ಬಿಟ್ಟು, ಹೊರಗೆ ಬೇಕಾದ ಬೆಲೆಯನ್ನು ಬೇರೆ ಹೆಸರಿನ ವೇರಿಯಬಲ್‌ಗೆ ಹಾಕಿಕೊಳ್ಳಿ.