ಒಲೆ ಹಚ್ಚಿದರೆ ವಿಷ, ಆರಿಸಿದರೆ ಚಳಿ

ಧ್ರುವ ಪ್ರದೇಶದ ಸಾಹಸಿಗಳು ಬರೆದ ಪುಸ್ತಕಗಳನ್ನು ಜನ ಸಾಮಾನ್ಯವಾಗಿ ಅವರ ಧೈರ್ಯಕ್ಕಾಗಿ ಓದುತ್ತಾರೆ. ಅರಿವಳಿಕೆ ವೈದ್ಯೆಯಾದ ನನ್ನನ್ನು ಅಮೆರಿಕದ ಸಾಹಸಿ ರಿಚರ್ಡ್ ಬರ್ಡ್ ಅವರ ‘ಅಲೋನ್’ ಹಿಡಿದಿಟ್ಟದ್ದು ಬೇರೆ ಕಾರಣಕ್ಕೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ದಿನದಿಂದ ದಿನಕ್ಕೆ ಮೈಗೇರುತ್ತಾ ಹೋದರೆ ಹೇಗಿರುತ್ತದೆ ಅಂತ ರೋಗಿಯೇ ಇಷ್ಟು ವಿವರವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

1934ರ ಚಳಿಗಾಲ. ಅಂಟಾರ್ಕ್ಟಿಕಾದ ರಾಸ್ ಹಿಮಹಾಸಿನ ಮೇಲೆ, ಹಿಮದೊಳಗೆ ಹೂತಿಟ್ಟ ಪುಟ್ಟ ಮನೆಯಲ್ಲಿ ಬರ್ಡ್ ಒಬ್ಬರೇ ಉಳಿದರು. ಹವಾಮಾನ ದಾಖಲಿಸುವುದು ಅವರ ಕೆಲಸ. ತಂಡದ ಮುಖ್ಯ ನೆಲೆ ಲಿಟ್ಲ್ ಅಮೆರಿಕ ಸುಮಾರು 200 ಕಿಲೋಮೀಟರ್ ದೂರ. ಸೂರ್ಯನೇ ಹುಟ್ಟದ ತಿಂಗಳುಗಳು, ಹೊರಗೆ ಕೆಲವು ದಿನ ಮೈನಸ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರದ ಚಳಿ. ಆದರೆ ಅವರನ್ನು ಸಾವಿನ ಅಂಚಿಗೆ ತಂದದ್ದು ಒಳಗಿದ್ದ ಒಲೆ, ಮತ್ತು ರೇಡಿಯೊಗೆ ವಿದ್ಯುತ್ ಕೊಡುತ್ತಿದ್ದ ಇಂಜಿನ್. ಒಲೆಯ ಕೊಳವೆಯ ಸಂದುಗಳಲ್ಲಿ ಹೊಗೆ ಸೋರುತ್ತಿತ್ತು, ಗಾಳಿ ಆಡಬೇಕಾದ ಕೊಳವೆಗಳಲ್ಲಿ ಹಿಮ ಕಟ್ಟುತ್ತಿತ್ತು. ಮೇ 31ರಂದು, ರೇಡಿಯೊದಲ್ಲಿ ಮಾತುಕತೆ ನಡೆಯುತ್ತಿರುವಾಗಲೇ ಇಂಜಿನ್ ನೋಡಲು ಹಿಮದ ಸುರಂಗಕ್ಕೆ ಹೋದವರು ಅಲ್ಲೇ ಕುಸಿದರು.

ಆ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ, ಯಾಕೆಂದರೆ ಆ ಅನುಭವ ಬರುವುದು ಮುಖ್ಯವಾಗಿ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ, ಇಲ್ಲಿ ಅದು ಹೆಚ್ಚಾಗುವುದಿಲ್ಲ. ತಲೆನೋವು, ವಾಕರಿಕೆ, ಕೈಕಾಲಲ್ಲಿ ಶಕ್ತಿಯೇ ಇಲ್ಲದಂತಾಗುವುದು, ಇಷ್ಟೇ. ಯಾವ ಕಾಯಿಲೆಗಾದರೂ ಹೊಂದುವ ಲಕ್ಷಣಗಳು, ಅಲ್ವಾ?

ಶುದ್ಧ ಗಾಳಿ ಸಿಕ್ಕರೆ ರಕ್ತದಲ್ಲಿರುವ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಜೂನ್ ತಿಂಗಳ ಪುಟಗಳನ್ನು ಓದಿ. ಹೊಗೆಯೇ ಕಾರಣ ಅಂತ ಬರ್ಡ್‌ಗೆ ಗೊತ್ತಾಗಿತ್ತು, ಹಾಗಾಗಿ ದಿನದ ಎಷ್ಟೋ ಹೊತ್ತು ಒಲೆ ಆರಿಸಿ ಮಲಗುವ ಚೀಲದಲ್ಲಿ ನಡುಗುತ್ತಿದ್ದರು, ಆದರೆ ಕುಡಿಯಲು ನೀರು ಬೇಕಾದರೂ ಹಿಮ ಕರಗಿಸಬೇಕು, ಅದಕ್ಕೆ ಮತ್ತೆ ಒಲೆ ಹಚ್ಚಲೇಬೇಕು. ಒಂದಿಷ್ಟು ಚೇತರಿಕೆ, ಮತ್ತೆ ಕುಸಿತ. ಓದುಗರಿಗೆ ಇದು ಮನಸ್ಸಿನ ಏರಿಳಿತದಂತೆ ಕಾಣಬಹುದು. ನನಗೆ ವಿಷ ಏರಿ ಇಳಿಯುವುದೇ ಕಾಣುತ್ತದೆ.

ಅತಿ ಕಷ್ಟದ ಭಾಗ ರೇಡಿಯೊದ್ದು. ತನ್ನನ್ನು ಉಳಿಸಲು ಆ ಕತ್ತಲಲ್ಲಿ ಹೊರಟವರು ಸಾಯಬಹುದು ಅಂತ ಅವರು ಕಾಯಿಲೆಯನ್ನು ಮುಚ್ಚಿಟ್ಟರು. ಆ ಕಾಳಜಿ ನಿಜವಾದದ್ದು, ಅದರ ಬಗ್ಗೆ ನನಗೆ ಗೌರವವಿದೆ. ಆದರೂ ವೈದ್ಯೆಯಾಗಿ ಒಂದು ಮಾತು ಹೇಳಲೇಬೇಕು: ಈ ವಿಷ ಮೊದಲು ಕೆಡಿಸುವುದೇ ಯೋಚನೆಯನ್ನು, ಆದ್ದರಿಂದ ‘ನಾನು ಚೆನ್ನಾಗಿದ್ದೇನೆ’ ಅಂತ ರೋಗಿ ಹೇಳಿದರೆ ಅದನ್ನು ನಂಬಿ ಸುಮ್ಮನಿರಬಾರದು. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ, ವಿಷ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಇದೆ ಅಂತ ಲೆಕ್ಕ ಹಾಕಿ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಖಚಿತವಾಗಲು ರಕ್ತಪರೀಕ್ಷೆ ಬೇಕು. ಚಿಕಿತ್ಸೆ ಮಾತ್ರ ಅದಕ್ಕೆ ಕಾಯಬಾರದು, ಹೊರಗಿನ ಗಾಳಿಗೆ ತಂದು ಆಮ್ಲಜನಕ ಕೊಡಬೇಕು.

ಲಿಟ್ಲ್ ಅಮೆರಿಕದವರು ಅವರ ಮಾತನ್ನು ಪೂರ್ತಿ ನಂಬಲಿಲ್ಲ. ಬರ್ಡ್ ಕಳಿಸುತ್ತಿದ್ದ ಮೋರ್ಸ್ ಸಂದೇಶಗಳು ತಡವರಿಸುತ್ತಿದ್ದದ್ದು ಅವರ ಗಮನಕ್ಕೆ ಬಂದಿತ್ತು. ಎರಡು ಸಲ ಹೊರಟು ವಾಪಸಾಗಿ, ಕೊನೆಗೆ ಆಗಸ್ಟ್‌ನಲ್ಲಿ ಥಾಮಸ್ ಪೌಲ್ಟರ್ ಇನ್ನಿಬ್ಬರ ಜೊತೆ ಟ್ರ್ಯಾಕ್ಟರಿನಲ್ಲಿ ಅಲ್ಲಿಗೆ ತಲುಪಿದರು. ಬರ್ಡ್ ಎಷ್ಟು ಸೋತಿದ್ದರೆಂದರೆ ವಿಮಾನದಲ್ಲಿ ವಾಪಸಾದದ್ದು ಅಕ್ಟೋಬರ್‌ನಲ್ಲೇ.

ಪುಸ್ತಕ ಬಂದದ್ದು 1938ರಲ್ಲಿ. ನಡುನಡುವೆ ಅವರ ಡೈರಿಯ ಭಾಗಗಳಿವೆ. ಆ ದಿನಗಳಲ್ಲೇ ಬರೆದದ್ದು ಯಾವುದು, ನಾಲ್ಕು ವರ್ಷದ ಮೇಲೆ ನೆನೆದು ಬರೆದದ್ದು ಯಾವುದು ಅಂತ ಬೇರೆ ಮಾಡಿಕೊಂಡು ಓದಿ.