ಮೊದಲ ಸಾಂಪ್ರದಾಯಿಕ ಬಿಲ್ಲು, ಅದಕ್ಕೊಪ್ಪುವ ಬಾಣ

ಬಿಲ್ಲು ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದು ಎಷ್ಟು ಪೌಂಡಿನದು, ಎಂದರೆ ಅದನ್ನು ಎಳೆಯಲು ಎಷ್ಟು ಬಲ ಬೇಕು, ಎಂದು. ಆದರೆ ಬಿಲ್ಲಿನ ಬಲ, ಬಿಲ್ಲಿನ ಎತ್ತರ, ಬಾಣದ ಉದ್ದ, ಬಾಣದ ಬಿಗಿತ ಇವೆಲ್ಲವೂ ನಾವು ಹೆದೆಯನ್ನು ಎಷ್ಟು ಹಿಂದಕ್ಕೆ ಎಳೆಯುತ್ತೇವೆ ಎಂಬ ಒಂದೇ ಅಳತೆಯನ್ನು ಅವಲಂಬಿಸಿರುವುದರಿಂದ, ಅಂಗಡಿಗೆ ಹೋಗುವ ಮೊದಲೇ ಸೆಳೆತದ ಉದ್ದವನ್ನು ತಿಳಿದುಕೊಂಡಿರುವುದು ಒಳಿತು. ಎರಡೂ ತೋಳು ಚಾಚಿ ನಿಂತಾಗ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ದೂರವನ್ನು 2.5ರಿಂದ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ: 70 ಇಂಚಿಗೆ 28 ಇಂಚು. ಇದಕ್ಕಿಂತ ನಂಬಲರ್ಹವಾದ ಕ್ರಮವೆಂದರೆ, ತೀರ ಹಗುರವಾದ ಬಿಲ್ಲಿನಲ್ಲಿ ಉದ್ದನೆಯ ಬಾಣವನ್ನು ಹೂಡಿ, ಕೈ ದವಡೆಗೆ ತಾಗುವವರೆಗೆ ಎಳೆದು ನಿಂತಾಗ, ಪಕ್ಕದಲ್ಲಿರುವವರಿಂದ ಬಿಲ್ಲಿನ ಹೊರ ಅಂಚಿನ ನೇರಕ್ಕೆ ಬಾಣದ ಮೇಲೆ ಗುರುತು ಹಾಕಿಸುವುದು.

ಬಿಲ್ಲಿನ ಮೇಲೆ ಬರೆದಿರುವ ಪೌಂಡು ಸಾಮಾನ್ಯವಾಗಿ 28 ಇಂಚಿನ ಸೆಳೆತಕ್ಕೆ ಸಂಬಂಧಿಸಿದ್ದು. ಒಂದು ಇಂಚು ಹೆಚ್ಚು ಕಡಿಮೆಯಾದರೆ ಸುಮಾರು ಎರಡು, ಎರಡೂವರೆ ಪೌಂಡು ಏರಿಳಿಯುವುದರಿಂದ, 30 ಪೌಂಡಿನ ಬಿಲ್ಲನ್ನು 26 ಇಂಚು ಮಾತ್ರ ಎಳೆಯುವವರ ಬೆರಳಿಗೆ ಬೀಳುವುದು ಸುಮಾರು 25 ಪೌಂಡು. ವಯಸ್ಕ ಕಲಿಕೆಯವರಿಗೆ 20ರಿಂದ 30 ಪೌಂಡು ಸಾಕು. 45 ಪೌಂಡಿನ ಬಿಲ್ಲನ್ನು ಒಂದೆರಡು ಸಲ ಎಳೆಯಬಲ್ಲೆನೆಂಬ ಹುಮ್ಮಸ್ಸಿಗೆ ಇಲ್ಲಿ ಬೆಲೆಯಿಲ್ಲ. ನೂರನೆಯ ಬಾಣಕ್ಕೂ ಭುಜ ಮೇಲೇರದೆ ನಿಲ್ಲಬೇಕು. ಲಿಂಬುಗಳನ್ನು, ಎಂದರೆ ಹಿಡಿಯ ಮೇಲೆ ಕೆಳಗೆ ಇರುವ ಬಾಗುವ ತೋಳುಗಳನ್ನು, ಬಿಚ್ಚಿ ಬದಲಿಸಬಹುದಾದ ಮರದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿರುವ) ಬಿಲ್ಲನ್ನು ಮೊದಲ ಬಿಲ್ಲಾಗಿ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಲ ಬಂದ ಮೇಲೆ ಹಿಡಿಯನ್ನು ಹಾಗೆಯೇ ಉಳಿಸಿಕೊಂಡು ಲಿಂಬುಗಳನ್ನಷ್ಟೇ ಕೊಂಡರಾಯಿತು. 28 ಇಂಚಿನ ಸೆಳೆತಕ್ಕೆ 64ರಿಂದ 66 ಇಂಚಿನ ರಿಕರ್ವ್ ಹಿತವಾಗಿರುತ್ತದೆ. ಗಿಡ್ಡ ಬಿಲ್ಲಿನಲ್ಲಿ ಹೆದೆಯ ಕೋನ ಕಿರಿದಾಗಿ ಬೆರಳುಗಳು ನಲುಗುತ್ತವೆ.

ನಮ್ಮ ದೇಶದ ರಾಷ್ಟ್ರೀಯ ಸ್ಪರ್ಧೆಗಳ ಇಂಡಿಯನ್ ರೌಂಡ್ ವಿಭಾಗದಲ್ಲಿ ಬಿದಿರಿನ ಬಿಲ್ಲು ಬಳಕೆಯಲ್ಲಿದೆ. ಕೈಯಿಂದ ಮಾಡಿದ ಇಂಥ ಬಿಲ್ಲಿನ ಮೇಲೆ ಪೌಂಡು ಬರೆದಿರದಿದ್ದರೆ, ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ನಿಮ್ಮ ಸೆಳೆತದ ಉದ್ದದವರೆಗೆ ನಿಧಾನವಾಗಿ ಎಳೆದು, ಬಂದ ಕಿಲೋವನ್ನು 2.2ರಿಂದ ಗುಣಿಸಬೇಕು. 12 ಕಿಲೋ ಎಂದರೆ ಸುಮಾರು 26 ಪೌಂಡು. ತಕ್ಕಡಿ ಕಟ್ಟಿರುವಾಗ ಹೆದೆಯನ್ನು ಕೈಬಿಡದೆ ಹಿಡಿದೇ ಮೊದಲಿನ ಸ್ಥಾನಕ್ಕೆ ತರಬೇಕು, ಏಕೆಂದರೆ ಬಾಣವಿಲ್ಲದೆ ಬಿಟ್ಟ ಹೆದೆ ಬಿಲ್ಲನ್ನೇ ಮುರಿಯಬಲ್ಲದು.

ಇನ್ನು ಬಾಣ. ಕಲಿಯುವವರು ಹೆಚ್ಚು ಎಡವುವುದು ಇಲ್ಲಿಯೇ. ಹೆದೆ ಬಾಣವನ್ನು ಬಿಲ್ಲಿನ ನಡುಗೆರೆಯತ್ತ ತಳ್ಳುತ್ತದೆ, ಆದರೆ ಬಾಣ ಕುಳಿತಿರುವುದು ಹಿಡಿಯ ಪಕ್ಕದಲ್ಲಿ. ಆದ್ದರಿಂದ ಅದು ಬಾಗಿ, ಹಿಡಿಯನ್ನು ಬಳಸಿಕೊಂಡು, ಅತ್ತಿತ್ತ ಕಂಪಿಸುತ್ತಲೇ ಮುಂದೆ ಹೋಗುತ್ತದೆ. ಎಷ್ಟು ಬಾಗಬೇಕೆಂಬುದನ್ನು ಹೇಳುವ ಅಳತೆಯೇ ಸ್ಪೈನ್. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಾರ್ಬನ್ ಕಡ್ಡಿಯನ್ನಿಟ್ಟು ನಡುವೆ ಸುಮಾರು 880 ಗ್ರಾಂ ತೂಗುಹಾಕಿದಾಗ ಅದು ಅರ್ಧ ಇಂಚು ಜಗ್ಗಿದರೆ ಸ್ಪೈನ್ 500. ಅಂದರೆ ಅಂಕಿ ಹೆಚ್ಚಿದಷ್ಟೂ ಬಾಣ ಮೆತ್ತಗೆ. 25–30 ಪೌಂಡಿನ ಬಿಲ್ಲಿಗೆ ಸಾಮಾನ್ಯ ಉದ್ದದ ಬಾಣವಾದರೆ 800ರಿಂದ 1000ದ ಆಸುಪಾಸಿನಲ್ಲಿ ಹುಡುಕತೊಡಗಬಹುದು. ಅಗ್ಗದ ಕಟ್ಟುಗಳಲ್ಲಿ ಬರುವ 500ರ ಬಾಣ ಅಂಥ ಬಿಲ್ಲಿಗೆ ತೀರ ಗಡುಸು. ಬಾಣವನ್ನು ಕತ್ತರಿಸಿದರೆ ಬಿಗಿತ ಹೆಚ್ಚುತ್ತದೆ, ಭಾರವಾದ ಮೊನೆ ಹಾಕಿದರೆ ಕಡಿಮೆಯಾಗುತ್ತದೆ. ಹೀಗಾಗಿ ಮೊದಲ ಬಾಣಗಳನ್ನು ಸೆಳೆತದ ಉದ್ದಕ್ಕಿಂತ ಒಂದೆರಡು ಇಂಚು ಉದ್ದವಾಗಿಯೇ ಉಳಿಸಿಕೊಳ್ಳಬೇಕು. ಸುರಕ್ಷತೆಗೂ ಅದೇ ಸರಿ, ಮುಂದೆ ಹೊಂದಿಸಿಕೊಳ್ಳಲೂ ಅವಕಾಶವಿರುತ್ತದೆ.

ಹೊಂದಿಕೆಯನ್ನು ಪರೀಕ್ಷಿಸಲು ಗರಿ ಅಂಟಿಸದ ಒಂದು ಬಾಣವನ್ನು ಗರಿಯುಳ್ಳವುಗಳ ಜೊತೆ ಹತ್ತು ಮೀಟರಿನಷ್ಟು ಹತ್ತಿರದಿಂದ ಹೊಡೆಯುತ್ತಾರೆ. ಬಲಗೈಯವರಿಗೆ ಬರಿಯ ಬಾಣ ಎಡಕ್ಕೆ ಬಿದ್ದರೆ ಬಿಗಿತ ಹೆಚ್ಚು, ಬಲಕ್ಕೆ ಬಿದ್ದರೆ ಕಡಿಮೆ. ಆದರೆ ಹೆದೆ ಬಿಡುವ ಕೈ ಇನ್ನೂ ಪಳಗದವರಿಗೆ ಈ ಪರೀಕ್ಷೆ ದಿನಕ್ಕೊಂದು ಉತ್ತರ ಕೊಡುವುದರಿಂದ, ಅದನ್ನು ನಂಬಿ ಕೂಡಲೇ ಬಾಣ ಕತ್ತರಿಸಬಾರದು.

ತೂಕವನ್ನೂ ನೋಡಬೇಕು. ಮರದ ಬಿಲ್ಲಿಗೆ ಪೌಂಡಿಗೆ 8ರಿಂದ 10 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಎಂಬ ಲೆಕ್ಕವನ್ನು ಅನುಸರಿಸಿದರೆ, 30 ಪೌಂಡಿಗೆ 240–300 ಗ್ರೇನ್, ಎಂದರೆ ಸುಮಾರು 16ರಿಂದ 19 ಗ್ರಾಂ ತೂಗುವ ಬಾಣ ಬೇಕು. ತೀರ ಹಗುರವಾದರೆ ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿನಲ್ಲೇ ಉಳಿದು ಲಿಂಬುಗಳನ್ನು ಹೊಡೆಯುತ್ತದೆ. ಬಾಣವನ್ನು ಹಿಡಿಯ ಮೇಲೆಯೇ ಇಟ್ಟು ಹೊಡೆಯುವುದಾದರೆ ಪ್ಲಾಸ್ಟಿಕ್ ರೆಕ್ಕೆಗಿಂತ ಹಕ್ಕಿಯ ಗರಿಯೇ ಲೇಸು: ಗರಿ ಮಡಚಿಕೊಂಡು ದಾಟುತ್ತದೆ, ಪ್ಲಾಸ್ಟಿಕ್ ತಾಗಿ ಬಾಣವನ್ನು ಒದೆಯುತ್ತದೆ. ಕಾರ್ಬನ್ ಬಾಣವನ್ನು ಪ್ರತಿ ಸಲ ಹೂಡುವ ಮೊದಲು ಎರಡೂ ತುದಿ ಹಿಡಿದು, ತುಸು ಬಾಗಿಸಿ, ತಿರುಗಿಸುತ್ತ ಆಲಿಸಬೇಕು. ಚಟಚಟ ಸದ್ದು ಬಂದ ಬಾಣವನ್ನು ಮುರಿದು ಎಸೆಯಬೇಕು.