ಮೀಟರಿನಲ್ಲಿದ್ದ ಮೈನಸ್ ನಾಲ್ಕು ಎಲ್ಲಿ ಹೋಯಿತು?

ಇಂಜಿನಿಯರಿಂಗ್ ಅಂತಿಮ ವರ್ಷದ ಹುಡುಗನೊಬ್ಬ ಆರ್ಡುಯಿನೋ ಊನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್ ಹಿಡಿದು ಬಂದಿದ್ದ. ಅದರ ಐದು ವೋಲ್ಟಿನ ಪಿನ್ನಿನಿಂದಲೇ ಮೈನಸ್ ವೋಲ್ಟೇಜ್ ತಯಾರಿಸಿ ತನ್ನ ಮೈಕ್ ಆಂಪ್ಲಿಫೈಯರಿಗೆ ಕೊಡುವುದು ಅವನ ಆಸೆ. ಮೂರು ಎಲ್‌ಎಂ358 ಆಪ್-ಆಂಪ್ (ಸಣ್ಣ ಸಿಗ್ನಲನ್ನು ಹಿಗ್ಗಿಸುವ ಐಸಿ) ಬದಲಾಯಿಸಿದ್ದಾನೆ, ಮೂರೂ ನಕಲಿಯಂತೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವನಿಗೆ ಶಾಪ ಹಾಕುತ್ತಿದ್ದ. "ಸರ್, ಮೀಟರಿನಲ್ಲಿ ಮೈನಸ್ 4.2 ವೋಲ್ಟ್ ಬರುತ್ತದೆ. ಆಪ್-ಆಂಪ್ ಹಾಕಿದರೆ ಪ್ಲಸ್ ಒಂದು ತೋರಿಸುತ್ತದೆ!"

ಅಂಗಡಿಯವನು ನಿರಪರಾಧಿ. ವರ್ಷಕ್ಕೆ ನಾಲ್ಕೈದು ಬಾರಿ ಈ ದೂರು ನನ್ನ ಮೇಜಿಗೆ ಬರುತ್ತದೆ.

ಒಂದು ಪಿನ್, ಎರಡು ಕೆಪಾಸಿಟರ್, ಎರಡು ಡಯೋಡ್: ಸರ್ಕ್ಯೂಟನ್ನು ಅವನು ಸರಿಯಾಗಿಯೇ ಕಟ್ಟಿದ್ದ. ಔಟ್‌ಪುಟ್ ಕೆಪಾಸಿಟರಿನ ಪ್ಲಸ್ ಕಾಲನ್ನು ಗ್ರೌಂಡಿಗೇ ಕೊಟ್ಟಿದ್ದ. ಅಲ್ಲಿ ತಿರುವುಮುರುವು ಮಾಡದವರೇ ಕಡಿಮೆ. ಅವನು ಕೇಳದೇ ಉಳಿದ ಪ್ರಶ್ನೆ ಒಂದೇ, ಎಷ್ಟು ಕರೆಂಟ್?

ಬಾವಿಯಿಂದ ನೀರು ಸೇದುವಾಗ ತೊಟ್ಟಿ ತುಂಬುವುದು ಕೊಡ ಎಷ್ಟು ದೊಡ್ಡದು, ಎಷ್ಟು ಸಲ ಸೇದಿದಿರಿ ಎಂಬುದರ ಮೇಲೆ. ಇವನ ಕೊಡ, ಅಂದರೆ ಪಿನ್ನಿಗೆ ಕಟ್ಟಿದ ಕೆಪಾಸಿಟರ್, 0.1 ಮೈಕ್ರೋಫ್ಯಾರಡ್. ಐದು ವೋಲ್ಟಿನಲ್ಲಿ ಎರಡು ಡಯೋಡುಗಳ ಪಾಲು ಕಳೆದರೆ 3.8 ಉಳಿಯಿತು, ಅಂದರೆ ಸಲಕ್ಕೆ 0.38 ಮೈಕ್ರೋಕೂಲಂಬ್. 9ನೇ ಪಿನ್ನಿನ ಮಾಮೂಲಿ ಪಿಡಬ್ಲ್ಯೂಎಂ (ಪಿನ್ನನ್ನು ಆನ್-ಆಫ್ ಮಾಡುತ್ತಿರುವ ಪಲ್ಸ್) ಸೆಕೆಂಡಿಗೆ 490 ಸಲ. ಗುಣಿಸಿ ನೋಡಿ: 0.2 ಮಿಲಿಆಂಪ್ ಕೂಡ ಆಗುವುದಿಲ್ಲ. ಎಲ್‌ಎಂ358 ಸುಮ್ಮನೆ ಕುಳಿತರೂ ಸುಮಾರು 0.7 ಕುಡಿಯುತ್ತದೆ. ಕೊರತೆ ಬಿದ್ದ ಕರೆಂಟ್ ಎರಡೂ ಡಯೋಡುಗಳನ್ನು ದಾಟಿ ಗ್ರೌಂಡಿಗೆ ಇಳಿಯುತ್ತದೆ; ಅವನು ಕಂಡ ಪ್ಲಸ್ ಒಂದು ಅದೇ.

ಹಾಗಾದರೆ 4.2? ಮಲ್ಟಿಮೀಟರು 10 ಮೆಗಾಓಂ. ಅದು ಬೇಡುವುದು ಅರ್ಧ ಮೈಕ್ರೋಆಂಪಿಗೂ ಕಡಿಮೆ; ಅಷ್ಟು ಸಣ್ಣ ಕರೆಂಟಿಗೆ ಡಯೋಡುಗಳೂ ತಮ್ಮ ಪಾಲನ್ನು ಕಡಿಮೆ ಕೇಳುತ್ತವೆ. ಕೇಳುವವರಿಲ್ಲದ ಮನೆಯಲ್ಲಿ ಎಲ್ಲರೂ ಧಾರಾಳಿಗಳೇ. ಆದ್ದರಿಂದ ಅಳೆಯುವ ಮುನ್ನ ಒಂದು ರೆಸಿಸ್ಟರನ್ನು ಲೋಡಾಗಿ ಹಾಕಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

"ಹಾಗಾದರೆ ನೂರು ಮೈಕ್ರೋಫ್ಯಾರಡ್ ಹಾಕುತ್ತೇನೆ" ಎಂದ. ಬೇಡಪ್ಪ. ಖಾಲಿ ಕೆಪಾಸಿಟರ್ ಪಿನ್ನಿಗೆ ಆ ಕ್ಷಣಕ್ಕೆ ಶಾರ್ಟ್ ಇದ್ದಂತೆ. ಊನೊದ ಚಿಪ್ಪಾದ ಎಟಿಮೆಗಾ 328ಪಿ ಪಿನ್ನಿಗೆ 40 ಮಿಲಿಆಂಪ್ ಗರಿಷ್ಠ ಮಿತಿ, ದಿನವೂ ಹೊರಿಸುವ ಭಾರವಲ್ಲ. ಮಿತಿ ಮೀರಿದರೆ ಪಿನ್ ಅಂದೇ ಸಾಯದಿರಬಹುದು. ಆದರೂ ಭರವಸೆ ನಾನು ಕೊಡಲಾರೆ.

ಕೊಡವನ್ನು ಹತ್ತು ಪಟ್ಟು ಮಾತ್ರ ಹಿಗ್ಗಿಸಿ, ಕೈ ಜೋರು ಮಾಡಿದೆವು. ಪಿಡಬ್ಲ್ಯೂಎಂ ನಡೆಸುವ ಟೈಮರನ್ನು 31 ಕಿಲೋಹರ್ಟ್ಸಿಗೆ ಏರಿಸಿ, ಒಂದು ಮೈಕ್ರೋಫ್ಯಾರಡ್ ಇಟ್ಟು, ಪಿನ್ನಿಗೆ ಸರಣಿಯಲ್ಲಿ 150 ಓಂ ಕೊಟ್ಟೆವು. ಆ 150 ಓಂ ತನ್ನ ಸುಂಕ ವಸೂಲಿ ಮಾಡಿತು: ಲೋಡ್ ಹಾಕಿದಾಗ ಮೈನಸ್ 3.3ರ ಹತ್ತಿರ ನಿಂತಿತು. ಅವನ ಮೈಕ್ ಆಂಪ್ಲಿಫೈಯರಿಗೆ ಅಷ್ಟು ಸಾಕು. ಹತ್ತಾರು ಮಿಲಿಆಂಪ್ ಬೇಕಾದವರು ಪಿನ್ನನ್ನು ಬಿಟ್ಟು, ಲೋಡಿಗೆ ತಕ್ಕ, ಪ್ಲಸ್ಸನ್ನು ಮೈನಸ್ ಮಾಡುವ ಇನ್ವರ್ಟರ್ ಐಸಿಯನ್ನೇ ಕೊಳ್ಳುವುದು ಮೇಲು. ಅಂಥ ಐಸಿಯಾದ ಐಸಿಎಲ್7660 ಒಳಗೂ ಇದೇ ಸೇದಾಟ, ಸುಮಾರು 5 ಕಿಲೋಹರ್ಟ್ಸಿನಲ್ಲಿ; ಅದಕ್ಕೂ ಔಟ್‌ಪುಟ್ಟಿನಲ್ಲಿ ಸುಮಾರು 55 ಓಂ ಇದೆ, ಮರೆಯಬೇಡಿ.

ಮುಂದಿನ ವಾರ ಹುಡುಗ ಮತ್ತೆ ಬಂದ, ಮುಖ ಅರಳಿತ್ತು. "ಸರ್, ಅದೇ ಮೈನಸ್ಸಿನಿಂದ ಒಂದು ರಿಲೇ ಓಡಿಸಬಹುದೇ?"

ಕಾಯಿಲ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಕೇಳಿದೆ. ಅದನ್ನು ನೋಡಿರಲಿಲ್ಲ.